ಹತ್ತೊಂಬತ್ತು ಡಿಗ್ರಿ

ಸೊಪ್ಪಿನ ಮಂಡಿಯಲ್ಲಿ ಆಕೆಯನ್ನು ಎಲ್ಲರೂ ತೂಕದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕ್ರೇಟು ತೂಗಿ, ಎಲೆ ಮುಟ್ಟಿ ನೋಡಿ, ಪುಸ್ತಕದಲ್ಲಿ ಬರೆದವಳು. ಬರೆದದ್ದನ್ನು ಮಾಲೀಕರು ಬೇಕಾದಾಗ ಹೊಡೆದು ತಿದ್ದುವುದೂ ನಡೆದೇ ಇತ್ತು.

ಪುಸ್ತಕ ಹೋಗಿ ಫೋನಿನಲ್ಲಿ ಬರೆಯುವ ಬ್ಲಾಕ್‌ಚೈನ್ ಲೆಕ್ಕ ಬಂತು. ಕಲಿಸಲು ಬಂದಾಕೆ ಫೋನು ಕೈಗಿಟ್ಟು ಹೇಳಿದಳು: "ನೀವು ಬರೆದದ್ದರ ಪ್ರತಿ ಬೆಳೆದವರು, ಲಾರಿಯವರು, ಅಂಗಡಿಯವರು ಎಲ್ಲರ ಹತ್ರನೂ ಇರುತ್ತೆ. ಒಬ್ಬರು ತಿದ್ದಿದ್ರೆ ಉಳಿದವರದ್ದಕ್ಕೆ ತಾಳೆಯಾಗಲ್ಲ."

"ನನ್ನ ಕೋಳಿಕಾಲು ಅಕ್ಷರ ಯಾರೂ ನೋಡಲ್ವಲ್ಲ, ಅಷ್ಟು ಸಾಕು" ಎಂದು ತೂಕದಕ್ಕ ನಕ್ಕಳು.

ಬೇಸಿಗೆಯಲ್ಲೊಂದು ದಿನ ಅವಳ ಅಕ್ಕನ ಗಂಡ ತೋಟದ ತಣ್ಣನೆ ಕೋಣೆಯಲ್ಲಿಟ್ಟಿದ್ದ ಪಾಲಕ್ ತಂದ. ದಾರಿಯಲ್ಲಿ ಟೈರು ಪಂಕ್ಚರಾಗಿ ಗಾಡಿ ಎರಡು ಗಂಟೆ ಬಿಸಿಲಲ್ಲಿ ನಿಂತಿತ್ತು. ಸೊಪ್ಪಿನ ಬಿಸಿ ಹತ್ತು ಡಿಗ್ರಿ ದಾಟಬಾರದು, ದಾಟಿದರೆ ಬೇಗ ಕೆಡುತ್ತದೆ. ಮಾಪಕ ಹತ್ತೊಂಬತ್ತು ತೋರಿಸಿತು.

"ಮುಂದಿನ ಒಂದನ್ನ ಬಿಟ್ಟು ಬರೀ ಒಂಬತ್ತು ಹಾಕಮ್ಮ" ಎಂದ ಭಾವ, ಸುತ್ತ ನೋಡಿ.

"ಆಗಲ್ಲ ಭಾವ. ತಿನ್ನೋರು ಯಾರ ಮನೆ ಮಕ್ಕಳೋ."

ಅವಳು ಹತ್ತೊಂಬತ್ತೇ ಹಾಕಿದಳು. ಅಂಗಡಿಯವರು ಬೇಡವೆಂದರು, ಸೊಪ್ಪು ದನಗಳ ಪಾಲಾಯಿತು. ಸಂಜೆ ಅಕ್ಕನ ಫೋನು: "ಒಡಹುಟ್ಟಿದೋಳಿಗಿಂತ ಆ ಯಂತ್ರ ಹೆಚ್ಚಾಯ್ತಾ ನಿಂಗೆ?" ಆಮೇಲೆ ಎರಡು ತಿಂಗಳು ಮಾತಿಲ್ಲ. ತೂಕದಕ್ಕ ದಿನವೂ ಬಂದು ಕ್ರೇಟು ತೂಗಿದಳು, ಅಂಕಿ ಹಾಕಿದಳು.

ಅಷ್ಟರಲ್ಲಿ ಒಂದು ಹಾಸ್ಟೆಲಿನಲ್ಲಿ ಪಾಲಕ್ ತಿಂದ ನಲವತ್ತು ಮಂದಿ ಹೊಟ್ಟೆ ಕೆಟ್ಟು ಮಲಗಿದರು. ಅಲ್ಲಿಗೆ ಎರಡು ತೋಟದ ಸೊಪ್ಪು ಹೋಗಿತ್ತು, ಅದರಲ್ಲೊಂದು ಭಾವನದು. ಆಹಾರ ಇಲಾಖೆಯ ಅಧಿಕಾರಿ ಮಂಡಿಗೆ ಬಂದು, ಅಡುಗೆಮನೆಯಲ್ಲಿ ಉಳಿದು, ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಕಂಡ ಪೊಟ್ಟಣಗಳ ಗುರುತು ಹಿಡಿದು ಫೋನಿನ ಲೆಕ್ಕದಲ್ಲಿ ಹಿಂದಕ್ಕೆ ಹೋದರು. ಹತ್ತೇ ನಿಮಿಷ. ಆ ಪೊಟ್ಟಣಗಳು ಇನ್ನೊಂದು ತೋಟದವು, ಅಲ್ಲಿಯವರು ಸೊಪ್ಪನ್ನು ಕೆಟ್ಟ ನೀರಿನಲ್ಲಿ ತೊಳೆದಿದ್ದರು. ಭಾವನ ಲೆಕ್ಕದಲ್ಲಿ ಐದು, ಆರು, ಏಳು ಡಿಗ್ರಿಗಳ ಸಾಲು. ನಡುವೆ ಆ ಹತ್ತೊಂಬತ್ತು.

"ಇವರು ನಿಮಗೇನಾಗ್ಬೇಕು?" ಎಂದರು ಅಧಿಕಾರಿ, ಭಾವನ ಹೆಸರಿನ ಮೇಲೆ ಬೆರಳಿಟ್ಟು.

"ನಮ್ಮ ಭಾವ, ಸರ್."

ಅಧಿಕಾರಿ ಅವಳ ಮುಖ ನೋಡಿದರು. "ಆಮೇಲೆ ಯಾರೂ ತಿದ್ದಿಲ್ಲ ಅಂತ ಯಂತ್ರ ಹೇಳುತ್ತೆ. ಬರೆಯೋವಾಗ ಸುಳ್ಳು ಬರೆದಿಲ್ಲ ಅಂತ ಅದಕ್ಕೆ ಹೇಳೋಕೆ ಬರಲ್ಲ. ಈ ಹತ್ತೊಂಬತ್ತು ನೋಡಿ ಮಿಕ್ಕಿದ್ದನ್ನೂ ನಂಬಿದೆ."

ಜನ ಹೆದರಿ ಕೊಳ್ಳದೆ ಊರಿನ ಪಾಲಕ್ ಎಲ್ಲ ತಿಪ್ಪೆ ಸೇರಿದ ವಾರದಲ್ಲೂ ಭಾವನ ಬೆಳೆ ಮಾರಾಟವಾಯಿತು.

ಆ ವಾರ ಮುಗಿದ ಮೇಲೆ ಆತ ತಕ್ಕಡಿಯ ಪಕ್ಕ ಬಂದು ನಿಂತ. ಕ್ಷಮೆ ಕೇಳುವ ಜಾಯಮಾನದವನಲ್ಲ.

"ಐಸ್ ಹಾಕೋ ಪೆಟ್ಟಿಗೆ ಎಲ್ಲಿ ಸಿಗುತ್ತಮ್ಮ? ನಿಮ್ಮಕ್ಕ ನಿನ್ನ ಜೊತೇಲೇ ಹೋಗಿ ತಗೋ ಅಂದ್ಲು."

"ಈ ಐದು ಕ್ರೇಟು ಮುಗಿಸ್ತೀನಿ, ತಡೀರಿ" ಎಂದಳು ತೂಕದಕ್ಕ.