ಬೇರೆ ಗ್ರಹದಲ್ಲಿ ಸಂಜೆ ಹಾಜರಿ

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಮುಗಿದಿತ್ತು, ಅಷ್ಟೇ. ಮೊನ್ನೆ ಮಂಗಳವಾರ ಎರಡನೇ ಸಲ ನಿಲ್ಲಿಸುವುದರಲ್ಲಿದ್ದೆ. ಮೊದಲ ಸಲಕ್ಕೆ ಕಾರಣ ಅಪ್ಪನ ಮುರಿದ ಕಾಲು. ಎರಡನೇ ಸಲಕ್ಕೆ ಕಾರಣ, ಯಾವುದೋ ದೂರದ ಗ್ರಹದಲ್ಲಿ ಕಾಣೆಯಾದ ಮೂವರು ಸೈನಿಕರು.

ನಗಬೇಡಿ. ಪೂರ್ತಿ ಕೇಳಿ.

ಈ ಅಂಕಣ ಓದುವ ನಿಮಗೆ ನನ್ನ ಚರಿತ್ರೆ ಹೊಸದಲ್ಲ. ಹದಿಮೂರನೇ ವಯಸ್ಸಿಗೆ ಎಸ್ಟೇಟ್ ಕೆಲಸಕ್ಕೆ ಸೇರಿದವನು. ಆಮೇಲೆ ಮೇಸ್ತ್ರಿಯಾಗಿ ಇಪ್ಪತ್ತಾರು ವರ್ಷ ಆಳುಗಳ ಕೆಲಸ ನೋಡಿಕೊಂಡವನು. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. (ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.) ಮಕ್ಕಳಿಬ್ಬರೂ ಅವರವರ ಕಾಲ ಮೇಲೆ ನಿಂತ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿದೆ, ಪಿಯುಸಿ ಕಟ್ಟಿದೆ, ಕಳೆದ ವರ್ಷ ಮೂಡಿಗೆರೆಯಲ್ಲಿ ಡಿಗ್ರಿಗೇ ಸೇರಿಬಿಟ್ಟೆ. ಮೊದಲ ದಿನ ಕ್ಲಾಸಿನೊಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಅಂದರು. ನಾನೂ ಗುಡ್ ಮಾರ್ನಿಂಗ್ ಅಂದು, ಹೋಗಿ ಕೊನೇ ಬೆಂಚಿನಲ್ಲಿ ಕೂತೆ.

ಈಗ ಅವರಿಗೆ ನಾನು ಮೇಸ್ತ್ರಿ ಅಂಕಲ್. ಕೊಟ್ಟಿಗೆಹಾರದ ಕಡೆಯಿಂದ ಬರುವ ಸಹನಾ ಮತ್ತು ಪ್ರಜ್ವಲ್ ಅನ್ನುವ ಇಬ್ಬರು ದಿನಾ ನನ್ನ ಜೀಪಿನಲ್ಲೇ ಬರುತ್ತಾರೆ. ಬಸ್ಸಿಗಿಂತ ಬೇಗ, ಮತ್ತು ಪುಕ್ಕಟೆ.

ಎಲ್ಲ ಸರಿಯಿತ್ತು, ಬರವಣಿಗೆ ಕ್ಲಾಸು ಶುರುವಾಗುವ ತನಕ. ವಾರಕ್ಕೊಂದು ಅಂಕಣ ಬರೆಯುವವನಿಗೆ ಕಂಪೊಸಿಷನ್ ಎಂಥ ಕಷ್ಟ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಪಾಠ ಮಾಡುವ ರಶ್ಮಿ ಮೇಡಂ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರು ಇರಬೇಕು. ಒಂದು ಕಾದಂಬರಿ ಕೊಟ್ಟು, ಓದಿ ನಾಲ್ಕು ಪುಟದ ಕಂಪೊಸಿಷನ್ ಬರೆದು ತನ್ನಿ ಅಂದರು. ಇಪ್ಪತ್ತು ಮಾರ್ಕ್ಸು.

ಕಾದಂಬರಿ ಸೈನ್ಸ್ ಫಿಕ್ಷನ್ನು. ಮುನ್ನೂರು ವರ್ಷದ ನಂತರ ಬೇರೆ ಗ್ರಹದಲ್ಲಿ ನಡೆಯುವ ಯುದ್ಧ. ಅಲ್ಲಿಯ ಶತ್ರುಗಳಿಗೆ ಮೈಯೇ ಇಲ್ಲ, ಮಂಜಿನ ಹಾಗೆ ಬರುತ್ತಾರೆ, ಮಂಜಿನ ಹಾಗೆ ಹೋಗುತ್ತಾರೆ. (ಡಿಸೆಂಬರ್ ಬೆಳಿಗ್ಗೆ ಚಾರ್ಮಾಡಿ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ.) ಪುಸ್ತಕದ ಹೆಸರು ಹೇಳುವುದಿಲ್ಲ. ಯಾಕೆ ಅಂತ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಓದಲು ಕೂತೆ. ಒಂಬತ್ತನೇ ಪುಟದಲ್ಲಿ ಕ್ಯಾಪ್ಟನ್ ತನ್ನ ತುಕಡಿಯನ್ನು ಹಡಗು ಹತ್ತಿಸುತ್ತಾನೆ. 'ಮೂವತ್ತನಾಲ್ಕು ಜನ' ಅನ್ನುತ್ತಾನೆ. ಒಬ್ಬೊಬ್ಬರ ಹೆಸರೂ ಬರುತ್ತದೆ.

ನನ್ನ ಕೈ ಸುಮ್ಮನಿರಲಿಲ್ಲ. ಹಳೆಯ ಹಾಜರಿ ಪುಸ್ತಕವೊಂದನ್ನು ತೆಗೆದೆ, ಗೀಟು ಹಾಕಿದೆ, ಮೂವತ್ತನಾಲ್ಕು ಹೆಸರನ್ನೂ ಸಾಲಾಗಿ ಬರೆದುಕೊಂಡೆ. ಯಾರಾದರೂ ಸತ್ತರೆ ಹೆಸರಿನ ಮುಂದೆ ಸೊನ್ನೆ, ಪಕ್ಕದಲ್ಲಿ ಪುಟದ ನಂಬರು.

ಹೆಂಡತಿ ಗಿರಿಜ ಕಾಫಿ ಇಟ್ಟು ನೋಡಿದಳು. "ಎಂತ ಅದು? ಮತ್ತೆ ಮೇಸ್ತ್ರಿ ಕೆಲ್ಸ ಸಿಕ್ತಾ?"

"ಕಥೆ ಓದ್ತಾ ಇದೀನಿ ಮಾರಾಯ್ತಿ."

"ಕಥೆಯವ್ರಿಗೂ ಹಾಜರಿ ಹಾಕ್ತೀರಾ? ಪಾಪ, ಅವ್ರಿಗೂ ರಜೆ ಇಲ್ಲ."

ಅವಳಿಗೆ ತಮಾಷೆ. ನನಗೆ ಅಭ್ಯಾಸ. ಬೆಳಿಗ್ಗೆ ತೋಟದೊಳಗೆ ಎಷ್ಟು ಜನ ಹೋದರು, ಸಂಜೆ ಎಷ್ಟು ಜನ ಹೊರಗೆ ಬಂದರು, ಎರಡೂ ಸರಿಹೊಂದುವ ತನಕ ಮೇಸ್ತ್ರಿ ಮನೆಗೆ ಹೋಗುವ ಹಾಗಿಲ್ಲ. ಆನೆ ತಿರುಗಲು ಶುರುವಾದ ಮೇಲಂತೂ ಇದು ಬರೀ ಪುಸ್ತಕದ ಕೆಲಸ ಅಲ್ಲ.

ಒಂದು ವರ್ಷ ಕಾಫಿ ಹಣ್ಣು ಕುಯ್ಯುವ ಸಮಯ. ಸಂಜೆ ಐದೂವರೆಗೆ ಎಣಿಸಿದರೆ ಒಬ್ಬಳು ಕಡಿಮೆ. ಮತ್ತೆ ಎಣಿಸಿದೆ. ಒಬ್ಬಳು ಕಡಿಮೆಯೇ. ಅವಳು ಕುಯ್ಯುತ್ತಿದ್ದ ಬ್ಲಾಕಿನ ಕೆಳಗೆ ಮಧ್ಯಾಹ್ನ ಒಂಟಿ ಆನೆ ದಾಟಿದ ಸುದ್ದಿ ಇತ್ತು. ಕಾಫಿ ಸಾಲಿನೊಳಗೆ ಹೆಸರು ಕೂಗುತ್ತಾ ಓಡಿದೆವು. ಇಪ್ಪತ್ತು ನಿಮಿಷ. ಕೊನೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಕಲ್ಲಿನ ಮೇಲೆ ಕೂತು ತಂಗಿ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು ಪುಣ್ಯಾತ್ಗಿತ್ತಿ. "ಇಲ್ಲಿ ಮಾತ್ರ ಸಿಗ್ನಲ್ ಸಿಗೋದು ಮೇಸ್ತ್ರಿ" ಅಂದಳು. ಬೈಯಬೇಕು ಅಂತ ಬಾಯಿ ತೆಗೆದೆ. ಹಾಗೇ ನೆಲದ ಮೇಲೆ ಕೂತೆ.

ಅಂಥವನು ನಾನು. ಈಗ ಕಾದಂಬರಿಗೆ ಬನ್ನಿ.

ಹತ್ತು ದಿನದಲ್ಲಿ ಪುಸ್ತಕ ಮುಗಿಯಿತು. ಸತ್ತವರು ಹತ್ತೊಂಬತ್ತು. ಕೊನೇ ಅಧ್ಯಾಯದಲ್ಲಿ ಹಡಗು ಹತ್ತಿ ಮನೆಗೆ ಹೊರಟವರು ಹನ್ನೆರಡು. ಕೂಡಿಸಿ ನೋಡಿ. ಮೂವತ್ತೊಂದು.

ಮೂವರು ಎಲ್ಲಿ?

ಹಾಜರಿ ಪುಸ್ತಕ ನೋಡಿದೆ. ತಾರೋ ಅನ್ನುವ ಡ್ರೈವರು, ಬೆನಿ ಅನ್ನುವ ಅಡುಗೆಯವನು, ಮತ್ತೆ ಮಿಲನ್ ಅಂತ ಒಬ್ಬ, ಯಾವಾಗ ನೋಡಿದರೂ ಬೂಟು ಕಳೆದುಕೊಳ್ಳುವವನು. ಮೂವರ ಮುಂದೆಯೂ ಸೊನ್ನೆ ಇಲ್ಲ, ವಾಪಸ್ ಬಂದವರಲ್ಲಿ ಹೆಸರೂ ಇಲ್ಲ. ಮತ್ತೆ ಮೊದಲಿಂದ ಓದಿದೆ. ಸಿಗಲಿಲ್ಲ. ಮೂರನೇ ಸಲ ಬೆಳಿಗ್ಗೆ ಐದಕ್ಕೆ ಎದ್ದು ಓದಿದೆ. ಸಿಗಲಿಲ್ಲ. ಮಂಜಿನೊಳಗೆ ಬಿಟ್ಟು ಬಂದರಾ? ಒಬ್ಬನಾದರೂ ತಿರುಗಿ ನೋಡಬೇಡವಾ?

ಕಂಪೊಸಿಷನ್ನಿನಲ್ಲಿ ಅದನ್ನೇ ಬರೆದೆ. ನಾಲ್ಕು ಪುಟವೂ ಅದೇ. 'ಬೆಳಿಗ್ಗೆ ಎಷ್ಟು ಜನ ಹೋದರೋ ಸಂಜೆ ಅಷ್ಟು ಜನರ ಲೆಕ್ಕ ಸಿಗಬೇಕು. ಸತ್ತಿದ್ದರೆ ಸತ್ತರು ಅನ್ನಿ. ಲೆಕ್ಕವೇ ಇಲ್ಲದಿರುವುದು ಮಾತ್ರ ಆಗಬಾರದು.' ಹೀಗೆ.

ಮೇಡಂ ಕ್ಲಾಸಿನಲ್ಲಿ ಒಬ್ಬೊಬ್ಬರದೇ ಓದಿಸಿದರು. ಮೊದಲ ಐದು ಜನರ ಕಂಪೊಸಿಷನ್ 'ಯುದ್ಧವು ಮನುಕುಲದ ಅತಿದೊಡ್ಡ ದುರಂತ' ಅಂತಲೇ ಶುರುವಾಯಿತು. ಮೇಡಂ ಕನ್ನಡಕ ತೆಗೆದು, "ಐದೂ ಜನ ಒಂದೇ ಫೋನಿಂದ ಬರೆದ್ರಾ, ಬೇರೆ ಬೇರೆ ಫೋನಾ?" ಅಂದರು.

ನನ್ನ ಸರದಿ ಬಂತು. ಓದಿದೆ.

"ಹಾಗಾದ್ರೆ ಲೇಖಕರೇ ಮರೆತಿದ್ದಾರೆ ಅಂತೀರಾ?" ಮೇಡಂ ಕೇಳಿದರು.

"ಹೌದು ಮೇಡಂ. ಮೂರು ಜನರನ್ನು ಮರೆತು ಪುಸ್ತಕ ಮುಗಿಸಿದ್ದಾರೆ."

"ನಿಮ್ಮ ಲೆಕ್ಕ ತಪ್ಪಿರಬಹುದಲ್ವಾ?"

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಇಪ್ಪತ್ತಾರು ವರ್ಷ ಹಾಜರಿ ಹಾಕಿದೀನಿ ಮೇಡಂ, ಒಂದು ದಿನ ತಪ್ಪಿಲ್ಲ. ಇದು ತಪ್ಪು ಅಂತ ಯಾರಾದ್ರೂ ತೋರಿಸಿದ್ರೆ ನಾನು ಮತ್ತೆ ಈ ಕಾಲೇಜಿಗೆ ಕಾಲಿಡಲ್ಲ" ಅಂದೆ.

ಐವತ್ತು ದಾಟಿದ ಗಂಡಸು ಹತ್ತೊಂಬತ್ತರ ಮಕ್ಕಳ ಮುಂದೆ ಆಡುವ ಮಾತಾ ಇದು? ಆದರೆ ಆಡಿಯಾಗಿತ್ತು. ಆಡಿದ ಮಾತು ವಾಪಸ್ ತಗೊಂಡು ನನಗೆ ಅಭ್ಯಾಸವಿಲ್ಲ.

ಮೇಡಂ ಏನೂ ವಾದ ಮಾಡಲಿಲ್ಲ. "ಸರಿ. ಎಲ್ಲರೂ ಪುಸ್ತಕ ಓದಿ. ಫೋನು ಬೇಡ. ಮುಂದಿನ ಮಂಗಳವಾರ ಆ ಮೂವರನ್ನು ಹುಡುಕಿಕೊಂಡು ಬನ್ನಿ" ಅಂದರು.

ಆ ವಾರ ಒಂದು ವಿಚಿತ್ರ ನಡೆಯಿತು. ಹುಡುಗರು ನಿಜವಾಗಿ ಓದತೊಡಗಿದರು. ಕ್ಯಾಂಟೀನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ನನ್ನ ಜೀಪಿನ ಹಿಂದಿನ ಸೀಟಿನಲ್ಲಿ. ಸಹನಾ ಗುರುವಾರದಿಂದ ಯಾಕೋ ಮಾತೇ ಆಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಿದ್ದಳು. ಪ್ರಜ್ವಲನಿಗೆ ಬಾಯಿ ಮುಚ್ಚಿ ಗೊತ್ತಿಲ್ಲ.

"ಅಂಕಲ್, ಇದೆಂಥ ಪೇಚು ಮಾರಾಯ್ರೆ. ಅವ್ರು ಸಿಕ್ಕಿದ್ರೆ ನೀವು ಹೋಗ್ತೀರಿ. ಸಿಗದಿದ್ರೆ ಅವ್ರು ಹೋದಂಗೆ. ನಾವು ಹುಡುಕೋದಾ ಬೇಡ್ವಾ?"

"ಹುಡುಕು" ಅಂದೆ. ಅಷ್ಟು ಹೇಳಿ ಗೇರ್ ಬದಲಾಯಿಸಿದೆ. ನಿಜ ಹೇಳಲಾ? ನನಗೂ ಗೊತ್ತಿರಲಿಲ್ಲ, ಯಾವುದು ಆಗಲಿ ಅಂತ ಬಯಸಬೇಕು ಅಂತ. ನಲವತ್ತು ವರ್ಷಕ್ಕೆ ಹತ್ತಿರ ಕಾದು ಹತ್ತಿದ ಕ್ಲಾಸ್‌ರೂಮು. ಬಿಡುವುದು ಸುಲಭವಾ?

ಮಂಗಳವಾರ ಬಂತು. "ಯಾರಿಗೆ ಸಿಕ್ಕಿದ್ರು?" ಮೇಡಂ ಕೇಳಿದರು.

ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಡೆಸ್ಕು ನೋಡುತ್ತಿದ್ದರು. ಆಳುಗಳು ಹೀಗೆ ಒಟ್ಟಿಗೆ ನೆಲ ನೋಡಿದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಅಷ್ಟು ನನಗೆ ಗೊತ್ತು.

"ಸಹನಾ?" ಅಂದರು ಮೇಡಂ.

ಅವಳು ನಿಧಾನಕ್ಕೆ ಎದ್ದಳು. "ಸಿಕ್ಕಿದ್ದಾರೆ ಮೇಡಂ. ಹೇಳಿದ್ರೆ ಅಂಕಲ್ ಹೋಗ್ತಾರೆ."

"ನಂಗೂ ಸಿಕ್ಕಿದ್ದಾರೆ," ಪ್ರಜ್ವಲ್ ಕೂತಲ್ಲಿಂದಲೇ ಹೇಳಿದ. "ಅಂಕಲ್ ಹೋದ್ರೆ ಜೀಪೂ ಹೋಗುತ್ತಲ್ಲ, ಅದ್ಕೇ ಸುಮ್ನಿದ್ದೆ."

ನೋಡಿದರೆ ಅರ್ಧ ಕ್ಲಾಸಿಗೆ ಸಿಕ್ಕಿದ್ದರು.

"ಓದು ಮಗಾ" ಅಂದೆ.

ಸಹನಾ ಅರವತ್ತೆಂಟನೇ ಪುಟ ತೆಗೆದಳು. ಸೈನಿಕನೊಬ್ಬ ತನ್ನ ಅಮ್ಮನಿಗೆ ಬರೆದ ಕಾಗದ ಅದು. ಅವಳು ಓದಿದ್ದು ಇಷ್ಟು: ಇಳಿಯುವ ಹಿಂದಿನ ದಿನ ತಾರೋ, ಬೆನಿ, ಮಿಲನ್ ಮೂವರಿಗೂ ಜ್ವರ ಬಂತು ಅಮ್ಮಾ. ಅವರನ್ನು ಕೆಳಗೆ ಇಳಿಸಲೇ ಇಲ್ಲ. ಆಸ್ಪತ್ರೆ ಹಡಗಿನಲ್ಲಿ ಊರಿಗೆ ಕಳಿಸಿದರು. ಮಿಲನ್ ಹೋಗುವಾಗ ನನ್ನ ಬೂಟು ಹಾಕಿಕೊಂಡು ಹೋದ.

"ಇನ್ನೊಂದು ಸಲ ಓದು."

ಇನ್ನೊಂದು ಸಲ ಓದಿದಳು.

"ಹಾಗಾದ್ರೆ ಬದುಕಿದ್ದಾರಾ?"

"ಬದುಕಿದ್ದಾರೆ ಅಂಕಲ್. ಮನೆಗೆ ಹೋಗಿದ್ದಾರೆ."

ನಾನು ಸೋತಿದ್ದೆ. ಎಲ್ಲರ ಮುಂದೆ, ಪುಟದ ನಂಬರ್ ಸಮೇತ. ಅವಮಾನ ಆಗಬೇಕಿತ್ತು. ಸ್ವಲ್ಪ ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು, ಎರಡು ವಾರದಿಂದ ಎದೆ ಮೇಲೆ ಕೂತಿದ್ದ ಏನೋ ಎದ್ದು ಹೋಯಿತು. ಜ್ವರ ಮಾತ್ರ. ಬರೀ ಜ್ವರ. ಇಲ್ಲದ ಗ್ರಹಕ್ಕೆ ಹೊರಟ ಇಲ್ಲದ ಮೂವರು, ಇನ್ನೂ ಹುಟ್ಟೇ ಇಲ್ಲದವರು, ಅವರು ಕ್ಷೇಮ ಅಂತ ಕೇಳಿ ಒಬ್ಬ ಮನುಷ್ಯ ಇಷ್ಟು ಹಗುರಾಗುವುದು ಎಂಥದು ಹೇಳಿ?

"ಈ ಕಾಗದ ಅರವತ್ತೊಂದರಿಂದ ಎಪ್ಪತ್ತೆರಡನೇ ಪುಟದ ತನಕ ಇದೆ," ಮೇಡಂ ಕೇಳಿದರು. "ಮೂರು ಸಲ ಓದಿದ್ರಿ ಅಂದ್ರಿ. ಹನ್ನೆರಡು ಪುಟ ಹೇಗೆ ತಪ್ಪಿತು?"

"ತಪ್ಪಲಿಲ್ಲ ಮೇಡಂ. ನಾನೇ ಬಿಟ್ಟೆ. ಅದು ಕಾಗದ. ಅವನ ಅಮ್ಮನಿಗೆ ಬರೆದದ್ದು."

ಕ್ಲಾಸು ನಕ್ಕಿತು. ನಗಲಿ. ಹದಿನಾಲ್ಕನೇ ವಯಸ್ಸಿನಲ್ಲಿ ನಮ್ಮ ಕೂಲಿ ಲೈನಿನ ಸಾಲುಮನೆಗಳಲ್ಲಿ ಓದಲು ಬರುತ್ತಿದ್ದವನು ನಾನೊಬ್ಬನೇ. ಎಲ್ಲರೂ ಕಾಗದ ತಂದು ಓದಿಸುತ್ತಿದ್ದರು. ಒಂದು ದಿನ ಒಬ್ಬರ ಕಾಗದ ಗಟ್ಟಿಯಾಗಿ ಓದಿದೆ. ಅದರಲ್ಲಿದ್ದದ್ದು ಅವರ ಹೆಂಡತಿ ಕೇಳಬಾರದ ವಿಷಯ. ಆಕೆ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಆ ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಅವತ್ತಿನಿಂದ ಇನ್ನೊಬ್ಬರ ಕಾಗದ ಕಣ್ಣಿಗೆ ಬಿದ್ದರೂ ಮುಖ ತಿರುಗಿಸುತ್ತೇನೆ. ಕಾದಂಬರಿಯದ್ದಾದರೂ ಕಾಗದ ಕಾಗದವೇ ಅಲ್ಲವಾ?

ಅಲ್ಲವಂತೆ. ಅದನ್ನು ಓದುವುದಕ್ಕೇ ಬರೆದಿರುತ್ತಾರಂತೆ. ಐವತ್ತರ ಮೇಲೆ ಕಲಿತೆ.

ಆದರೆ ಮಾತು ಮಾತೇ. ಬ್ಯಾಗು ತೆಗೆದುಕೊಂಡು ಎದ್ದೆ.

"ಎಲ್ಲಿಗೆ?" ಮೇಡಂ ಅಂದರು.

"ಹೇಳಿದ್ನಲ್ಲ ಮೇಡಂ. ತಪ್ಪಿದ್ರೆ ಹೋಗ್ತೀನಿ ಅಂತ."

ಅವರು ಮೇಜಿನ ಮೇಲಿನ ರಿಜಿಸ್ಟರ್ ತೆರೆದರು. "ಇವತ್ತು ಈ ಕ್ಲಾಸಿಗೆ ಇಪ್ಪತ್ತೇಳು ಜನ ಬಂದಿದ್ದಾರೆ. ಬೆಲ್ ಹೊಡೆದಾಗಲೂ ಇಪ್ಪತ್ತೇಳು ಇರಬೇಕು. ನೀವೇ ಬರೆದದ್ದು ಇದು. ನನ್ನ ಲೆಕ್ಕ ತಪ್ಪಿಸಬೇಡಿ, ಕೂತ್ಕೊಳ್ಳಿ."

ನಾನು ನಿಂತೇ ಇದ್ದೆ. ಪ್ರಜ್ವಲ್ ಪಕ್ಕಕ್ಕೆ ಸರಿದು ಬೆಂಚು ತಟ್ಟಿದ. "ಕೂರಿ ಅಂಕಲ್, ಒಬ್ರಿಗೋಸ್ಕರ ಇನ್ನೊಂದು ವಾರ ಹುಡುಕಕ್ಕಾಗಲ್ಲ."

ಕೂತೆ. ಆಡಿದ ಮಾತು ಮೊದಲ ಸಲ ವಾಪಸ್ ತಗೊಂಡೆ. ಸತ್ತು ಹೋಗಲಿಲ್ಲ.

ನನ್ನ ಫೋನಿನಲ್ಲಿ ಒಂಬತ್ತು ವಾಟ್ಸಪ್ ಗ್ರೂಪ್ ಇವೆ. ಬೆಳಿಗ್ಗೆ ಎದ್ದರೆ ನೂರು ಗುಡ್ ಮಾರ್ನಿಂಗು. ಅದರಲ್ಲಿ ಒಬ್ಬ ಮೂರು ತಿಂಗಳಿಂದ ಬಾಯಿ ಬಿಟ್ಟಿಲ್ಲ ಅಂತ ಯಾರಾದರೂ ನೋಡಿದ್ದೇವಾ? ಮೊನ್ನೆ ಮನೆಗೆ ಹೋದವನು ಅಂಥ ಇಬ್ಬರಿಗೆ ಫೋನು ಮಾಡಿದೆ. ಒಬ್ಬನಿಗೆ ಹೊಸ ನಂಬರು. ಇನ್ನೊಬ್ಬನಿಗೆ ಸೊಂಟ ನೋವು. ಇಬ್ಬರೂ, "ಎಂತ ವಿಷಯ, ಸುಮ್ನೆ ಮಾಡಿದ್ರಾ?" ಅಂದರು. ಸುಮ್ಮನೆ ಅಂದೆ. ಆಮೇಲೆ ಕಾಫಿ ಕುಡಿದು, ಆ ಹನ್ನೆರಡು ಪುಟ ಓದಿದೆ. ಪುಸ್ತಕದಲ್ಲಿ ಅದೇ ಚೆನ್ನಾಗಿರುವ ಭಾಗ.

ಕಂಪೊಸಿಷನ್ ನಿನ್ನೆ ವಾಪಸ್ ಬಂತು. ಕೆಂಪು ಇಂಕಿನಲ್ಲಿ ಒಂದೇ ಸಾಲು: ಪೂರ್ತಿ ಓದಿ, ಮತ್ತೆ ಬರೆಯಿರಿ.

ಈಗ ನನ್ನ ಹತ್ತಿರ ಇರುವುದು: ಎರಡು ಎಕರೆ ಕಾಫಿ, ಒಂದು ಹಳೇ ಜೀಪು, ಇಪ್ಪತ್ತಕ್ಕೆ ಹನ್ನೊಂದು ಮಾರ್ಕ್ಸು, ಇಪ್ಪತ್ತಾರು ಕ್ಲಾಸ್‌ಮೇಟುಗಳು, ಬದುಕಿ ಮನೆ ಸೇರಿದ ಸೈನಿಕರು ಹದಿನೈದು.