ಎರಡನೆಯ ಕುರ್ಚಿ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಟಿಕೆಟ್ ಕೊಳ್ಳುವುದರೊಳಗೆ ನಿಮ್ಮ ಊರು ಕೇಳಿ, ಟಿಕೆಟ್ ಕೊಂಡ ಮೇಲೆ ಮದುವೆಯ ವಿಚಾರಕ್ಕೆ ಬರುತ್ತಾರೆ. ಆಗಿದೆ ಎಂದರೆ ಮಕ್ಕಳೆಷ್ಟು ಎನ್ನುತ್ತಾರೆ. ಆಗಿಲ್ಲ ಎಂದಿರೋ, ಇಳಿಯುವವರೆಗೂ ಬಿಡುವುದಿಲ್ಲ. ಅವರನ್ನು ನೋಡಿ ನಗುವ ನಾನಾದರೂ ಇತಿಹಾಸದ ಮೇಷ್ಟ್ರಾಗಿ ಮಾಡಿದ್ದೇನು ಹೇಳಿ? ಜಗದ್ವಿಖ್ಯಾತ ಚಿತ್ರಕಾರನೊಬ್ಬ ಏಕೆ ಮದುವೆಯಾಗಲಿಲ್ಲ, ಅಮೃತಶಿಲೆಯಲ್ಲಿ ಪುರುಷದೇಹವನ್ನು ಅಷ್ಟು ಮಮತೆಯಿಂದ ಕಡೆದವನ ಮನಸ್ಸು ಯಾರ ಮೇಲಿತ್ತು ಎಂದು ಪರರ ಶಯನಗೃಹಗಳಲ್ಲಿ ಇಣುಕಿ, ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟೆ. ಬಸ್ಸಿನವರು ಬದುಕಿರುವವರನ್ನು ಕೇಳುತ್ತಾರೆ, ನಾನು ಸತ್ತವರನ್ನು. ಸತ್ತವರು ಸಿಡುಕುವುದಿಲ್ಲ ಎಂಬುದೊಂದೇ ನನಗಿದ್ದ ಅನುಕೂಲ.

ಬಳ್ಳಿಗಾವಿಯ ಗುಡಿಯ ಮಿಥುನಶಿಲ್ಪಗಳೆದುರು ವಿದ್ಯಾರ್ಥಿಗಳನ್ನು ನಿಲ್ಲಿಸಿ, ಕಾಮವೇ ಕಲೆಯ ಮೂಲಧಾತು ಎಂದು ಪ್ರತಿವರ್ಷ ಭಾಷಣ ಮಾಡುತ್ತೇನೆ. ಹುಡುಗರು ನೆಲ ನೋಡುತ್ತಾರೆ, ಹುಡುಗಿಯರು ಆಕಾಶ ನೋಡುತ್ತಾರೆ. ಶಿಲ್ಪ ನೋಡುವವನು ನಾನೊಬ್ಬನೇ.

ಮೊನ್ನೆ ಸೊರಬದಲ್ಲಿ ಯಕ್ಷಗಾನದ ಹಿರಿಯ ಸ್ತ್ರೀವೇಷಧಾರಿ ಮಂಜಪ್ಪನವರಿಗೆ ಸನ್ಮಾನವಿತ್ತು. ನಾನು ಮುಖ್ಯ ಅತಿಥಿ. ನಮ್ಮ ಕಡೆ ಸನ್ಮಾನವೆಂದರೆ ದಂಪತಿಗೇ: ಜೋಡಿ ಕುರ್ಚಿ, ಗಂಡನಿಗೆ ಶಾಲು, ಹೆಂಡತಿಗೆ ಸೀರೆ. ಸಂಘದವರು ವಾಡಿಕೆಯಂತೆ ಎಲ್ಲ ಸಜ್ಜು ಮಾಡಿ, ಹರಿವಾಣದಲ್ಲಿ ಸೀರೆಯನ್ನೂ ಇಟ್ಟಾದ ಮೇಲೆ ಯಾರಿಗೋ ನೆನಪಾಯಿತು, ಮಂಜಪ್ಪನವರಿಗೆ ಹೆಂಡತಿಯೇ ಇಲ್ಲ. ಅವರ ಮನೆಯಲ್ಲಿರುವುದು ತಿಮ್ಮಣ್ಣ. ಬಣ್ಣ ಹಚ್ಚುವ ಚೌಕಿಯಲ್ಲಿ ಅವರ ಸೀರೆಯ ನೆರಿಗೆ ಹಿಡಿದು, ಜಡೆ ಕಟ್ಟಿ, ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸುತ್ತ, ಹರೆಯದಿಂದಲೂ ಅವರೊಡನೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡವರು. ಊರಿಗೆ ಗೊತ್ತಿಲ್ಲದ್ದೇನಲ್ಲ, ಊರು ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಅಷ್ಟೆ.

ಒಂದು ಕುರ್ಚಿ ತೆಗೆಸಿಬಿಡೋಣವೇ ಎಂದು ಕಾರ್ಯದರ್ಶಿಗಳು ತಿಳಿದವನೆಂದು ನನ್ನನ್ನೇ ಕೇಳಿದರು. ಹೊರದೇಶದ ಶಿಲ್ಪಿಯ ಪ್ರಣಯದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ನಾನು ಕೈಗಡಿಯಾರ ನೋಡಿಕೊಂಡೆ. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಎಂದುಬಿಟ್ಟೆ.

ಅಷ್ಟರಲ್ಲಿ ವೇದಿಕೆ ಹತ್ತಿದ ಮಂಜಪ್ಪನವರು, ಸಂಘದ ಹುಡುಗನೊಬ್ಬ ಎತ್ತಿಕೊಂಡು ಹೊರಟಿದ್ದ ಕುರ್ಚಿಯ ಮೇಲೆ ಕೈಯಿಟ್ಟರು.

"ಇರ್ಲಿ ಬಿಡ್ರೀ. ತಿಮ್ಮಣ್ಣ ಹರೇದಾಗಿಂದ ಹಿಂದೇನೇ ನಿಂತಾನೆ. ಇವತ್ತೊಂದಿನ ಕೂತ್ಕಳ್ಳಿ. ಅವ ಕೂರದಿದ್ರೆ ನಂಗೂ ಸನ್ಮಾನ ಬ್ಯಾಡ."

ತಿಮ್ಮಣ್ಣನವರು ಪರದೆಯ ಮರೆಯಿಂದ ಬರಲೊಲ್ಲರು. ಕೊನೆಗೆ ನಾನೇ ಎದ್ದುಹೋಗಿ ಕೈಹಿಡಿದು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿದೆ. ನಾನು ಹೊದಿಸಿದ ಶಾಲನ್ನು ಮಂಜಪ್ಪನವರು ತೆಗೆದು ತಿಮ್ಮಣ್ಣನವರ ಹೆಗಲಿಗೆ ಹಾಕಿದರು. ಆಮೇಲೆ ಹರಿವಾಣದ ಸೀರೆಯ ಸೆರಗು ಬಿಡಿಸಿ, ಜರಿ ಮುಟ್ಟಿ ನೋಡಿ, "ಇದು ನಂಗಿರ್ಲಿ, ವೇಷಕ್ಕಾಗ್ತದೆ. ನೆರಿಗೆ ಹಿಡಿಯಾಕೆ ಇವ ಇದಾನಲ್ಲ" ಎಂದರು. ಸಭೆ ನಕ್ಕಿತು, ನಗುತ್ತಲೇ ಚಪ್ಪಾಳೆ ತಟ್ಟಿತು. ನನಗೆ ಅಳು ಬಂತು.

ಪ್ರತಿಭಾವಂತರ ಹಾಸಿಗೆಯನ್ನು ಅಷ್ಟೆಲ್ಲ ಶೋಧಿಸಿದವನು, ಅವರಿಗಾಗಿ ಮರೆಯಲ್ಲಿ ನಿಂತವರು ಯಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಹೋಗಿದ್ದಿರಿ ಎಂದರು, ಹೇಳಿದೆ. ಮಂಜಪ್ಪನವರಿಗೆ ಮದುವೆ ಆಗಿದೆಯೋ ಎಂದು ಕೇಳಿದರು.

"ಮನೇಲಿ ಇಬ್ರು ಇದಾರ್ರೀ" ಎಂದೆ.

ಅವರು ಮಡಿಲ ಚೀಲವನ್ನು ಕಾಲಬುಡಕ್ಕೆ ಸರಿಸಿದರು. "ಆರಾಮ ಇದಾರಾ?"

"ಆರಾಮ ಇದಾರೆ."

"ಅಷ್ಟಾದ್ರೆ ಆತು ಬಿಡ್ರೀ" ಎಂದು ಅವರು ಅಲ್ಲಿಗೇ ಬಿಟ್ಟರು. ಶಿಕಾರಿಪುರ ಇನ್ನೂ ದೂರವಿತ್ತು.