ಕಾಕಾ ಬರೆದ ಹೊಗೆ

ಮೊನ್ನೆ ಕಿಟಕಿಗೆ ಬಣ್ಣ ಹಚ್ಚುವವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತೆ. ಅಂಬೇವಾಡಿಯ ಬಾಜೂ ಮನೆ ಕಾಕಾರ ವಾಸನೆ ಅದು...

ಪಾಳಾ ಎಂಬ ಹಳ್ಳಿಯಿಂದ ನಾನು ಮದುವೆಯಾಗಿ ದಾಂಡೇಲಿಯ ಅಂಬೇವಾಡಿಗೆ ಬಂದ ಹೊಸತು. ನಮ್ಮವರು ಕಾಗದದ ಮಿಲ್ಲಿನಲ್ಲಿದ್ದರು. ಧಾರವಾಡ ಕಡೆಯ ಈ ಕಾಕಾನೂ ಅಲ್ಲೇ ಇದ್ದವರು, ಒಂದು ದಿನ ನೌಕರಿ ಬಿಟ್ಟು ಮನೆಯ ಪಡಸಾಲೆಯಲ್ಲಿ ಫೋಟೋ ಸ್ಟುಡಿಯೋ ತೆರೆದರು. ಅವರ ಹೆಂಡತಿ ಕಾಕಿ ಕೆಂಡಾಮಂಡಲವಾದರು. "ದೀಪಾವಳಿತನಕ ನೋಡ್ತೇನಿ. ಇದು ನಡೀಲಿಲ್ಲಂದ್ರ ನಾ ತವರಮನಿಗೆ ಹೋಗಾಕಿನ!" ಬರೀ ಬಾಯಿಮಾತಲ್ಲ, ಟ್ರಂಕು ತುಂಬಿಯೇ ಇಟ್ಟಿದ್ದರು.

ಫೋಟೋಕ್ಕೆ ನಿಲ್ಲುವವರ ಬೆನ್ನಹಿಂದೆ ಇಳಿಬಿಡಲು ಕಾಕಾ ದೊಡ್ಡ ಪರದೆಯ ಮೇಲೆ ತಾವೇ ಅರಮನೆ, ಕಾರಂಜಿ, ಎರಡು ಹಂಸ ಬರೆದಿದ್ದರು. ಅಯ್ಯಯ್ಯ, ಏನು ಚೆಂದ! ಆದರೆ ಜನ ಬರುತ್ತಿದ್ದರು, ಪರದೆ ನೋಡುತ್ತಿದ್ದರು, ಹೋಗುತ್ತಿದ್ದರು. ಅವ್ವನಿಗೆ ಕಳಿಸಲು ಫೋಟೋ ತೆಗೆಸಲೆಂದು ಹೋದ ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ.

"ಕಾಕಾ, ನಮ್ಮವ್ವಗ ಅರಮನಿ ಯಾಕ್ರಿ? ಅಳಿಯಾ ದುಡಿಯೂ ಮಿಲ್ಲು ತೋರಸ್ರಿ."

ಕಾಕಾ ಪಿಳಿಪಿಳಿ ನೋಡಿದರು. ವಾರದೊಳಗೆ ಅರಮನೆ ಅಳಿದು ಮಿಲ್ಲಿನ ಚಿಮಣಿ ಎದ್ದಿತು. ಮೊದಲು ಬಂದವನು ಸಾಂಬ್ರಾಣಿ ಎಂಬ ಊರಲ್ಲಿ ಹೆಣ್ಣು ನೋಡಿ, ಅವರಿಗೆ ಕಳಿಸಲು ಫೋಟೋ ಬೇಕೆಂದು ಬಂದ ಮಿಲ್ಲಿನ ಹುಡುಗ. ಪರದೆ ಕಂಡದ್ದೇ ತಲೆಯ ಮೇಲೆ ಕೈ ಹೊತ್ತ.

"ಹೊಗಿನ ಇಲ್ಲಲ್ರೀ! ಮಿಲ್ಲು ಬಂದ್ ಆಗೇತಿ ಅಂತ ಹೆಣ್ಣ ಕೊಡೂದಿಲ್ಲ ಅವ್ರು!"

ಕಾಕಾ ನಗಲಿಲ್ಲ. ಅವನನ್ನು ಕೂರಿಸಿ, ಚಹಾ ಕುಡಿಸಿ, ಅವನೆದುರಿಗೇ ಕರಿಬಣ್ಣ ಕಲಸಿ ಹೊಗೆ ಬರೆದರು. ಎಂಥ ಹೊಗೆ ಅಂತೀರಿ! ಅರ್ಧ ಆಕಾಶ ಅದೇ.

ಆ ಫೋಟೋ ಸಾಂಬ್ರಾಣಿಗೆ ಹೋಯಿತು, ಸಂಬಂಧ ಗಟ್ಟಿಯಾಯಿತು, ಸುದ್ದಿ ಹಬ್ಬಿತು. ನನ್ನ ಫೋಟೋ ಕೈಸೇರಿದಾಗ ನಮ್ಮವ್ವ ಚಿಮಣಿಗೂ ವಿಭೂತಿ ಹಚ್ಚಿದಳಂತೆ! ದೀಪಾವಳಿ ಪಾಡ್ಯದ ದಿನ ಹೊಸ ಬಟ್ಟೆಯವರ ಸಾಲು ನಮ್ಮ ಬಾಗಿಲು ದಾಟಿತ್ತು. ಕಾಕಿ ಸೆರಗು ಸಿಕ್ಕಿಸಿ ನಿಂತು, "ಒಬ್ಬೊಬ್ರ ಬರ್ರಿ, ಹೊಗಿ ಎಲ್ಲೂ ಓಡಿ ಹೋಗೂದಿಲ್ಲ!" ಎಂದು ಗದರಿಸುತ್ತಿದ್ದರು.

ಮುಂದೆ ಕಾಕಿಯೇ ಕುಂಚ ಹಿಡಿದು ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ತುಂಬಲು ಕಲಿತರು. ಯಾರು ಯಾವ ಸೀರೆ ಉಟ್ಟು ಬಂದರೂ ಕಾಕಿಯ ಕೈಯಲ್ಲಿ ಅದು ಹಸಿರೇ. ಚೌಕಟ್ಟು ಕೂಡಿಸಲು ಒಬ್ಬ ಬಡಿಗ ಬಂದ, ನಾಟಕದವರ ಪರದೆ ಬರೆಯಲು ಇಬ್ಬರು ಬಂದರು, ಹಳಿಯಾಳದಲ್ಲೂ ಒಂದು ಅಂಗಡಿಯಾಯಿತು... ಗಂಡ-ಹೆಂಡಿರ ಜಗಳ ಮಾತ್ರ ನಿಲ್ಲಲಿಲ್ಲ. ಈಗ ಹಸಿರು ಬಣ್ಣಕ್ಕಾಗಿ ಜಗಳ. ಕೇಳಿ ಕೇಳಿ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಕಾಕಾ ತೀರಿಕೊಂಡಾಗ ಗೋಡೆಗೆ ಹಾಕಲು ಸಿಕ್ಕಿದ್ದು ಆ ಪರದೆಯ ಮುಂದೆ ತೆಗೆದ ಫೋಟೋ ಒಂದೇ. ಹೊಗೆ ತೆಗೆಸಿ ಮುಖವಷ್ಟೇ ದೊಡ್ಡದು ಮಾಡಿಸೋಣ ಎಂದ ಮಗ. ಕಾಕಿ ಫೋಟೋ ಎದೆಗವಚಿಕೊಂಡರು.

"ಹೊಗಿ ಇರ್ಲೆಪಾ. ನಾ ತವರಮನಿಗೆ ಹೋಗದಂಗ ಮಾಡಿದ್ದು ಅದ."

ಈಗ ಕಾಕಿಯೂ ಇಲ್ಲ. ಅವರಿಬ್ಬರ ಜಗಳ ಇನ್ನೊಮ್ಮೆ ಕೇಳಬೇಕೆಂದು ಜೀವ ಹಂಬಲಿಸುತ್ತದೆ.